ನಾಣ್ಯ ನೋಡುವವನ ಸಂಬಳ

ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನೋಡದೆಯೇ ಜೇಬಿಗೆ ಇಳಿಸಿಕೊಳ್ಳುವವರನ್ನು ಕಂಡರೆ ನನಗೆ ಅಸೂಯೆ. ನನಗದು ಸಾಧ್ಯವಿಲ್ಲ, ಎಂಟಾಣೆಯಾದರೂ ಸರಿ, ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಓರೆಯಾಗಿಸಿ, ಉಭಯ ಮುಖಗಳನ್ನೂ ಪರಾಂಬರಿಸಿದ ಮೇಲೆಯೇ ಮುಂದಿನ ಹೆಜ್ಜೆ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಾರೆ. ಇದು ಜಿಪುಣತನವಲ್ಲ ಮಾರಾಯರೇ, ಕಸುಬಿನ ದೋಷ ಎಂದು ಚಳ್ಳಕೆರೆಯ ಸಂತೆಯಲ್ಲಿ ಯಾರಿಗೆಂದು ಬಿಡಿಸಿ ಹೇಳಲಿ!

ತೊಂಬತ್ತರ ದಶಕದಲ್ಲಿ ನಾನು ಬಳ್ಳಾರಿಯ ಹಳೇ ನಾಣ್ಯದ ವ್ಯಾಪಾರಿಯೊಬ್ಬರಿಗೆ ದರ್ಜೆ ನಿರ್ಣಯ ಮಾಡಿಕೊಡುತ್ತಿದ್ದೆ. ಅವರು ಕಳಿಸಿದ ನಾಣ್ಯಗಳನ್ನು ಭೂತಗನ್ನಡಿಯಲ್ಲಿ ನೋಡಿ, ಎಷ್ಟು ಸವೆದಿದೆ, ಎಲ್ಲಿ ಗೀರಿದೆ, ಯಾರಾದರೂ ತೊಳೆದು ಕೆಡಿಸಿದ್ದಾರೆಯೇ ಎಂದು ಪರೀಕ್ಷಿಸಿ, ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುವುದು ನನ್ನ ಕೆಲಸ. ಕೂಲಿ ನಾಣ್ಯಕ್ಕೆ ಎರಡು ರೂಪಾಯಿ. ನಾಣ್ಯ ಬಾರದ ತಿಂಗಳು ಸಂಬಳವೂ ಇಲ್ಲ. ಸಾವಿರಾರು ರೂಪಾಯಿ ಬಾಳುವ ಅಪೂರ್ವ ವಸ್ತುವನ್ನು ಅಂಗೈಯಲ್ಲಿಟ್ಟುಕೊಂಡು, ಸಂಜೆಯ ಕಾಫಿಗೆ ಅವ್ವನ ಮುಂದೆ ಅದೇ ಅಂಗೈ ಚಾಚುವ ಭಾಗ್ಯ ನನ್ನದು. ವಿಚಿತ್ರವೆಂದರೆ, ಯಾರ ಕೈಗೂ ಸಿಗದೆ, ಯಾವ ಸಂತೆಯನ್ನೂ ಕಾಣದೆ ಹುಟ್ಟಿದಂತೆಯೇ ಉಳಿದ ನಾಣ್ಯಕ್ಕೇ ನಮ್ಮಲ್ಲಿ ಮೊದಲ ದರ್ಜೆ. ನಾಲ್ಕೂರು ತಿರುಗಿ ದುಡಿದದ್ದಕ್ಕೆ ಕೊನೆಯದು. ಎಣ್ಣೆ ಗಿರಣಿ ನಡೆಸುವ ಮನೆತನದ ಅವ್ವನಿಗೆ ಇದೊಂದೂ ರುಚಿಸುತ್ತಿರಲಿಲ್ಲ. “ದುಡ್ಡು ಎಣಿಸೋರನ್ನ ಕಂಡಿದೀನಪ್ಪಾ, ದುಡ್ಡು ನೋಡ್ಕಂಡು ಕೂರೋನನ್ನ ನಿನ್ನೊಬ್ಬನ್ನೇ ಕಂಡಿದ್ದು” ಎನ್ನುತ್ತಿದ್ದಳು.

ಇಂಥ ವರನಿಗೆ ಕನ್ಯೆ ಕೊಡುವವರು ಯಾರು? ಎರಡು ಸಂಬಂಧಗಳು “ಹುಡುಗನ ಕೆಲಸ ಏನು?” ಎಂಬಲ್ಲಿಗೇ ಮುರಿದುಬಿದ್ದಿದ್ದವು. ಮೂರನೆಯದು ರಾಂಪುರದ್ದು. ಬಸ್ಸಿನುದ್ದಕ್ಕೂ ಅವ್ವ, “ಕೇಳಿದ್ದಕ್ಕಷ್ಟೇ ಬಾಯಿ ಬಿಡು, ಅದನ್ನೂ ಅರ್ಧ ಬಿಡು” ಎಂದು ಪಾಠ ಹೇಳಿದಳು. ಹೆಣ್ಣು ನೋಡುವ ಶಾಸ್ತ್ರವೆಂಬುದು ಹೆಸರಿಗೆ ಮಾತ್ರ. ಅಲ್ಲಿ ಕೂತ ಹಿರಿಯರೆಲ್ಲ ನನ್ನನ್ನೇ ಹಿಂದೆಮುಂದೆ ತಿರುಗಿಸಿ ದರ್ಜೆ ನಿಷ್ಕರ್ಷಿಸುತ್ತಿದ್ದರು. ಹುಡುಗಿ ಗಿರಿಜಾ ಕಾಫಿ ಕೊಟ್ಟು ಬಾಗಿಲ ಬಳಿ ನಿಂತಳು. ಒಂದೇ ನೋಟಕ್ಕೆ, ಮದುವೆಯಾದರೆ ಇವಳನ್ನೇ ಆಗಬೇಕು ಅನ್ನಿಸಿಬಿಟ್ಟಿತು.

ಅಷ್ಟರಲ್ಲಿ ಅವಳ ಅಪ್ಪ ದೇವರ ಮನೆಯಿಂದ ಒಂದು ಬೆಳ್ಳಿ ರೂಪಾಯಿ ತಂದು ನನ್ನ ಕೈಗಿತ್ತರು. ಅಜ್ಜನ ಕಾಲದಿಂದ ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುತ್ತ ಬಂದ ನಾಣ್ಯ. “ಲಕ್ಷಕ್ಕೆ ಕಮ್ಮಿ ಇಲ್ಲ ಅಂತಾರೆ ಊರೋರು. ನೀವು ಕಸುಬುದಾರರು, ಹೇಳ್ರಿ” ಎಂದರು. ನಾಣ್ಯ ಥಳಥಳ ಹೊಳೆಯುತ್ತಿತ್ತು. ಅದರ ಮೇಲಿನ ಇಂಗ್ಲೆಂಡ್ ರಾಣಿಯ ಮುಖ ಮಾತ್ರ ಅರ್ಧಕ್ಕರ್ಧ ಮಾಯವಾಗಿತ್ತು. ಅವ್ವ ತೊಡೆ ಚಿವುಟಿದಳು. ಸುಳ್ಳೊಂದು ನಾಲಗೆಯ ತುದಿಗೆ ಬಂದದ್ದೂ ನಿಜ. ಆದರೆ ಕಷ್ಟಕ್ಕೆ ಒದಗೀತೆಂದು ನಂಬಿ ಮುಂದೊಂದು ದಿನ ಇವರು ಅದನ್ನು ಮಾರಲು ಹೊರಟರೆ?

“ನಾಕನೇ ದರ್ಜೆ, ಯಜಮಾನ್ರೇ. ತಿಕ್ಕಿ ತಿಕ್ಕಿ ಹಾಳಾಗೈತೆ. ಬೆಳ್ಳಿ ಬೆಲೆ ಬರ್ತೈತೆ, ಅಷ್ಟೇ.”

ಬಾಗಿಲಿಂದ ಗಿರಿಜಾ ಅಂದಳು: “ತಿಕ್ಕಿದ್ದು ನಾನೇ. ಚಿಕ್ಕೋಳಿದ್ದಾಗಿಂದ ಹುಣಸೆಹಣ್ಣು ಹಚ್ಚಿ ತಿಕ್ಕೀನಿ. ಲಕ್ಷ್ಮೀನ ಕರ್ರಗೆ ಕೂರಿಸಿ ಪೂಜೆ ಮಾಡೋಕಾಗ್ತೈತೇನ್ರಿ?”

ನಾನು ಇಂಗು ತಿಂದ ಮಂಗನಂತೆ ಕೂತೆ. “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಿನ್ನ ಸತ್ಯಕ್ಕಿಷ್ಟು ಬೆಂಕಿ ಹಾಕ” ಎಂದು ಅವ್ವ ದಾರಿಯುದ್ದಕ್ಕೂ ಬೈದಳು. ಆಮೇಲಿನ ದಿನಗಳಲ್ಲಿ ಭೂತಗನ್ನಡಿ ಹಿಡಿದರೂ ನನಗೆ ನಾಣ್ಯ ಕಾಣಲಿಲ್ಲ. ನಿಜವಾಗಿ ಸಂಕಟವಾಗಿತ್ತು.

ಕೊನೆಗೆ ಸಂಬಂಧ ತಂದಿದ್ದ ಮಧ್ಯಸ್ಥರು ಬಂದು ಸುದ್ದಿ ಹೇಳಿದರು. ನಿಗದಿಯಾದ ಸಂಬಳವಿಲ್ಲದವನಿಗೆ ಮಗಳನ್ನು ಕೊಡಲು ಅಪ್ಪನಿಗೆ ಮನಸ್ಸಿರಲಿಲ್ಲವಂತೆ. ಹುಡುಗಿಯೇ ಹಟ ಹಿಡಿದಳಂತೆ: “ಹೆಣ್ಣು ಕೇಳೋಕೆ ಬಂದು ನಮ್ಮಪ್ಪನ ಮುಂದೆ ನಿಜ ಹೇಳಿದೋನು, ನಾಳೆ ನನ್ನ ಮುಂದೆ ಸುಳ್ಳು ಹೇಳಲ್ಲ.” ಆದರೆ ಒಂದು ಷರತ್ತು: ಆ ರೂಪಾಯಿ ಅವಳ ಜೊತೆ ಬರುತ್ತದೆ, ತಿಕ್ಕಬೇಡ ಎನ್ನುವಂತಿಲ್ಲ.

ಊರಿಗೆಲ್ಲ “ನಾಣ್ಯ ತೊಳೀಬ್ಯಾಡ್ರಪ್ಪಾ” ಎಂದು ಉಪದೇಶಿಸುವ ನಾನು, ಅಂದಿನಿಂದ ಪ್ರತಿ ದೀಪಾವಳಿಗೂ ಚೊಂಬು ಹಿಡಿದು ಅವಳ ಕೈಗೆ ನೀರು ಹೊಯ್ಯುತ್ತ ಬಂದಿದ್ದೇನೆ. ಈಗ ಅದರ ಮೇಲೆ ರಾಣಿಯೂ ಇಲ್ಲ, ಅಕ್ಷರವೂ ಇಲ್ಲ. ಹೋದ ವರ್ಷ ಸೆರಗಿನಲ್ಲಿ ಒರೆಸಿ ನನ್ನ ಮುಂದೆ ಹಿಡಿದು, “ಈಗ ಎಷ್ಟನೇ ದರ್ಜೆ?” ಎಂದಳು.

“ಮೊದಲನೇದು” ಎಂದೆ.

ಅವಳು ನನ್ನನ್ನೇ ಒಂದು ಗಳಿಗೆ ಓರೆಯಾಗಿ ನೋಡಿದಳು. “ಸುಳ್ಳು ಹೇಳೋದು ಯಾವಾಗ ಕಲಿತ್ರಿ?” ಎಂದು ನಕ್ಕು, ನಾಣ್ಯವನ್ನು ದೇವರ ಮುಂದಿಟ್ಟಳು.