ಒರೆಗಲ್ಲಿಗೆ ಹತ್ತಿದ ದೊರೆ

ಎಪ್ಪತ್ತೆಂಟನೆಯ ಇಸವಿಯಲ್ಲಿ ನಡೆದ ಮೂರು ಸಾವಿರ ರೂಪಾಯಿಯ ವ್ಯವಹಾರ ಅದು. ಅಂಚೆಟ್ಟಿ ಕಡೆಯ ಮಾದಪ್ಪನಿಗೆ ಬೇಲಿಗೆ ಗುಂಡಿ ತೋಡುವಾಗ ಒಂದು ಚಿನ್ನದ ನಾಣ್ಯ ಸಿಕ್ಕಿತ್ತು. ಕೆಲಮಂಗಲದ ನನ್ನ ಚಿನ್ನಬೆಳ್ಳಿ ಅಂಗಡಿಗೆ ತಂದ. ಹಳೆಯ ರೋಮಿನದೆಂದು ತಿಳಿದವರು ಬರೆದುಕೊಟ್ಟರೆ ಅಷ್ಟು ಕೊಡಲು ಬೆಂಗಳೂರಿನ ಗಿರಾಕಿಯೊಬ್ಬರು ಒಪ್ಪಿದರು. ಮಾದಪ್ಪನ ಅಣ್ಣ ತನ್ನ ಪಾಲಿನ ಹೊಲ ಮಾರುತ್ತಿದ್ದ. ಇಬ್ಬರಿಗೂ ಇದ್ದ ಒಂದೇ ಬಾವಿ ಅದರಲ್ಲಿತ್ತು. ಈ ದುಡ್ಡಿನಿಂದ ಹೊಲ ತಾನೇ ಕೊಂಡರೆ ಬಾವಿ ಉಳಿಯುತ್ತಿತ್ತು.

ನಾನೂ ಮಾದಪ್ಪನೂ ಹೊಸೂರಿಗೆ ಹೋದೆವು. ಹಳೆಯ ನಾಣ್ಯಗಳ ಮೇಲೆ ಪುಸ್ತಕ ಬರೆಯುತ್ತಿದ್ದ ನಿವೃತ್ತ ಚರಿತ್ರೆ ಮೇಷ್ಟ್ರು ಭೂತಗನ್ನಡಿ ಹಿಡಿದು ಅಕ್ಷರ ಓದಿದರು, ತೂಕ ಬರೆದುಕೊಂಡರು.

“ರೋಮಿನದೇ, ಸಂಶಯವಿಲ್ಲ. ಆದರೆ ಇದರ ಮೇಲಿರೋ ದೊರೆಯ ಮೂಗು ಈಚೆಗೆ ಸವೆದಂತಿದೆಯಲ್ಲ?”

“ಶೆಟ್ರು ಒರೆಗಲ್ಲಿಗೆ ಉಜ್ಜಿ ನೋಡಿದ್ರು ಸಾಮಿ. ಅಪ್ಪಟ ಚಿನ್ನ ಅಂದ್ರು,” ಎಂದ ಮಾದಪ್ಪ, ಹೆಮ್ಮೆಯಿಂದ.

ಮೇಷ್ಟ್ರು ನನ್ನನ್ನು ನೋಡಿದರು. “ಅಂಚಿನಲ್ಲಿ ಉಜ್ಜಬಾರದಿತ್ತೇ?”

“ಉಬ್ಬಿರೋ ಕಡೆ ಉಜ್ಜೋದೇ ರೂಢಿ ಮೇಷ್ಟ್ರೇ. ಮೂವತ್ತು ವರ್ಷದಿಂದ ಕೈ ಹಂಗೇ ಹೋಗ್ತದೆ. ಅದೊಂದು ಬರೀದೆ ಬಿಡೋಕಾಗಲ್ವಾ?”

“ಇರೋದನ್ನ ಇರೋ ಹಾಗೇ ಬರೀಬೇಕಲ್ಲ ಶೆಟ್ರೇ.”

ಬರೆದರು. ಗಿರಾಕಿ ಅದನ್ನೋದಿ, ಚಿನ್ನದ ಬೆಲೆಯಷ್ಟೇ ಕೊಡುತ್ತೇನೆ, ಆರು ನೂರು ಎಂದರು.

“ಒಂದು ಮೂಗಿಗೆ ಅಷ್ಟೊಂದಾ ಶೆಟ್ರೇ?” ಎಂದು ಮಾದಪ್ಪ ಮೆಲ್ಲಗೆ ಕೇಳಿದ. ಬೈದಿದ್ದರೆ ವಾಸಿಯಿತ್ತು.

ಅವನಿಗೆ ಆರು ನೂರು ಸಿಕ್ಕಿತು, ಬಾವಿ ಬೇರೆಯವರದಾಯಿತು. ಮೇಷ್ಟ್ರ ಪುಸ್ತಕಕ್ಕೆ ಒಂದು ಪುಟ ಸೇರಿತು. ನನಗೆ ದಕ್ಕಿದ್ದು ಒರೆಗಲ್ಲಿನ ಮೇಲೊಂದು ಹಳದಿ ಗೆರೆ. ಮಾರನೆಯ ದಿನ ಅದನ್ನು ಒರೆಸಿ, ಯಾರದೋ ಮೂಗುತಿ ಉಜ್ಜಿದೆ.