ತಟ್ಟೆಗೆ ಅಡ್ಡ ಹಿಡಿದ ಕೈ

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನ್ನ ವಾರದಲ್ಲಿ ಒಂದೇ ದಿನ ಉಳಿದಿತ್ತು, ಶನಿವಾರ. ಮಿಕ್ಕ ದಿನಗಳು ಬರುತ್ತಿದ್ದವು, ಹೋಗುತ್ತಿದ್ದವು. ಐದು ಹೊತ್ತಿನ ನಮಾಜ್ ಇಲ್ಲದೇ ಹೋಗಿದ್ದರೆ ಬೆಳಗ್ಗೆ ಯಾವುದು ಸಂಜೆ ಯಾವುದು ಅನ್ನುವುದೂ ನನಗೆ ಗೊತ್ತಾಗುತ್ತಿರಲಿಲ್ಲವೇನೋ. ಅವರು ಹೋದದ್ದು ಕೊರೋನಾದ ಎರಡನೇ ವರ್ಷ. ಇಲ್ಲಿ ಅಮೆರಿಕದಲ್ಲಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿದ್ದರು. ಮಗಳು ಅಟ್ಲಾಂಟಾದಲ್ಲಿ. ಡರ್ಹಮ್‌ಗೂ ರಾಲಿಗೂ ನಡುವೆ ಇರುವ ಈ ಮನೆಯಲ್ಲಿ ಉಳಿದವಳು ನಾನು, ಜೊತೆಗೆ ಸದಾ ಗೊರಗೊರ ಅನ್ನುವ ಒಂದು ದೊಡ್ಡ ಫ್ರಿಜ್ಜು.

ಮನೆಮಾತು ನಮ್ಮದು ಉರ್ದು, ಮೈಸೂರಿನ ಉರ್ದು. ಆದರೆ ನಾನು ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಮನಸ್ಸಿಗೆ ಹತ್ತಿರವಾದದ್ದನ್ನು ಬರೆಯಲು ಕೂತರೆ ಕನ್ನಡವೇ ಬರುತ್ತದೆ. ಹಾಗಾಗಿ ಶನಿವಾರದ ಕನ್ನಡದವರ ಗುಂಪು ನನಗೆ ತವರಿನ ಹಾಗೆ.

ಆ ಗುಂಪು ಸೇರುತ್ತಿದ್ದದ್ದು ಡಾಕ್ಟರ್ ಅಂಕಲ್ ಮನೆಯ ಗ್ಯಾರೇಜಿನಲ್ಲಿ. ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದು, ನೆಲೆಯೂರಿ, ಈಗ ರಿಟೈರ್ ಆದವರು ಅವರು. ಹಿಂದೆ ಯಾವಾಗಲೋ ಮಲಾವಿ ದೇಶದ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಸೇವೆ ಮಾಡಿ ಬಂದಿದ್ದರು. ಆ ಹಳ್ಳಿಯ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಕಳಿಸೋಣ ಅಂದವರು ಅವರೇ. ಸುಗ್ಗಿಗೆ ಮೊದಲ ತಿಂಗಳುಗಳಲ್ಲಿ ಅಲ್ಲಿ ಮನೆಗಳ ಕಣಜ ಬರಿದಾಗಿರುತ್ತದಂತೆ, ಮಕ್ಕಳು ಹಸಿದು ಬಂದು ಪಾಠದ ನಡುವೆಯೇ ತೂಕಡಿಸುತ್ತಾರಂತೆ. "ಪಾಠ ಕೇಳಬೇಕಾದರೆ ಮೊದಲು ಹೊಟ್ಟೆ ಸುಮ್ಮನಿರಬೇಕಲ್ಲಮ್ಮಾ," ಅಂದರು.

ನಾವು ಕಳಿಸುತ್ತಿದ್ದದ್ದು ಹುಗ್ಗಿ. ಅಕ್ಕಿ, ಹೆಸರುಬೇಳೆ, ಒಣಗಿಸಿದ ಕ್ಯಾರೆಟ್ಟು, ಉಪ್ಪು, ಅರಿಶಿನ, ಎಲ್ಲ ಸೇರಿಸಿ ಪ್ಯಾಕೆಟ್ ಮಾಡಿ, ಡಬ್ಬಕ್ಕೆ ತುಂಬಿದರೆ, ಬೇರೊಬ್ಬರ ಕಂಟೇನರಿನಲ್ಲಿ ಅದಕ್ಕೂ ಜಾಗ ಸಿಗುತ್ತಿತ್ತು. ಹಡಗಿನಲ್ಲಿ, ಆಮೇಲೆ ಲಾರಿಯಲ್ಲಿ ಹೋಗುತ್ತಿತ್ತು. ಅಕ್ಕಿ ಬೇಳೆಯ ಅಳತೆ ನನ್ನದು. ಯಾರೋ ಅಕ್ಕಿಗೆ ಸಮ ಬೇಳೆ ಹಾಕೋಣ ಅಂದಿದ್ದರು. ಅಷ್ಟು ಬೇಳೆ ಮಕ್ಕಳ ಹೊಟ್ಟೆಗೆ ಭಾರ, ಅರ್ಧ ಸಾಕು ಅಂತ ನಾನು ಬೇಯಿಸಿ ತಂದು ಎಲ್ಲರಿಗೂ ತಿನ್ನಿಸಿ ಒಪ್ಪಿಸಿದ್ದೆ. ಅಂದಿನಿಂದ ಅದಕ್ಕೆ 'ನಿಮ್ಮ ಹುಗ್ಗಿ' ಅಂತಲೇ ಹೆಸರಾಯಿತು. "ರೀ, ನಿಮ್ಮ ಹುಗ್ಗಿಗೆ ಅರಿಶಿನ ಮುಗೀತು ನೋಡಿ." "ನಿಮ್ಮ ಹುಗ್ಗಿ ಡಬ್ಬ ಎತ್ತಿ ಎತ್ತಿ ನನ್ನ ಸೊಂಟ ಹೋಯ್ತು." ನನ್ನದು ಅಂತ ಯಾರಾದರೂ ಏನನ್ನಾದರೂ ಕರೆದು ಬಹಳ ದಿನವಾಗಿತ್ತು. ಅದು ಕಿವಿಗೆ ಹಿತವಾಗಿರುತ್ತಿತ್ತು.

ತಲೆಗೆ ಬಲೆಯ ಟೋಪಿ, ಕೈಗೆ ಗ್ಲೌಸ್ ಹಾಕಬೇಕು ಅಂತ ಡಾಕ್ಟರ್ ಅಂಕಲ್ ಕಟ್ಟುನಿಟ್ಟು. ದುಪಟ್ಟಾದ ಮೇಲೆ ಆ ಟೋಪಿ ಹಾಕಿಕೊಂಡ ನನ್ನನ್ನು ನೋಡಿ, ನಮ್ಮ ಗುಂಪಿನಲ್ಲಿ ಬಸವನಗುಡಿ ಆಂಟಿ ಅಂತಲೇ ಹೆಸರಾದವರು ಪ್ರತಿ ಸಲವೂ, "ಡಬಲ್ ಸೆಕ್ಯೂರಿಟಿ ಬಂತಪ್ಪಾ," ಅನ್ನುತ್ತಿದ್ದರು. ಪ್ರತಿ ಸಲವೂ ನಾವಿಬ್ಬರೂ ನಗುತ್ತಿದ್ದೆವು. ಗ್ಲೌಸ್ ಹಾಕಿದರೂ ಅರಿಶಿನ ಎಲ್ಲಿಂದಲೋ ಒಳಗೆ ಇಳಿದು ಉಗುರೆಲ್ಲ ಹಳದಿಯಾಗುತ್ತಿತ್ತು. ಸೋಮವಾರ, ಮಂಗಳವಾರದವರೆಗೂ ಹೋಗುತ್ತಿರಲಿಲ್ಲ. ನಮಾಜಿನ ಕೊನೆಗೆ ಬೇಡಿಕೊಳ್ಳಲು, ದುವಾಗೆ, ಕೈ ಎತ್ತಿದಾಗ ಆ ಹಳದಿ ಉಗುರು ಕಾಣುತ್ತಿತ್ತು. ಯಾ ಅಲ್ಲಾಹ್, ಶನಿವಾರ ಇನ್ನೂ ಸ್ವಲ್ಪ ಕೈಯಲ್ಲಿ ಉಳಿದಿದೆ ಅಂತ ಶುಕ್ರ್, ಅಂದರೆ ಕೃತಜ್ಞತೆ, ಹೇಳುತ್ತಿದ್ದೆ.

ಮೊದಲ ಡಬ್ಬಗಳು ತಲುಪಿದ ಮೇಲೆ ಆ ಶಾಲೆಯ ಹೆಡ್‌ಮೇಡಂ ವೀಡಿಯೋ ಕಾಲ್ ಮಾಡಿದರು. ಡಾಕ್ಟರ್ ಅಂಕಲ್ ಲ್ಯಾಪ್‌ಟಾಪನ್ನು ಅಕ್ಕಿ ಮೂಟೆಯ ಮೇಲೆ ಇಟ್ಟರು, ನಾವೆಲ್ಲ ಸುತ್ತ ನಿಂತೆವು. ದುಂಡು ಮುಖದ, ಮೆಲುದನಿಯ ಹೆಂಗಸು. ಮಾತಿಗೆ ಮೊದಲು ಎರಡು ಅಂಗೈಯನ್ನೂ ಬಟ್ಟಲಿನ ಹಾಗೆ ಬಗ್ಗಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅಲ್ಲಿ ಕೃತಜ್ಞತೆ ಹೇಳುವುದು ಹಾಗಂತೆ. ಆಮೇಲೆ ಇಂಗ್ಲಿಷಿನಲ್ಲಿ ಅಂದರು: "ಬಹಳ ಉಪಕಾರವಾಯಿತು. ನಮಗೆ ಇಷ್ಟು ಸಾಕು. ಇನ್ನು ಮುಂದೆ ನಮ್ಮ ತಾಯಂದಿರೇ ಅಡುಗೆ ಮಾಡಬಲ್ಲರು."

ಕಾಲ್ ಮುಗಿಯಿತು. "ಪಾಪ, ಎಷ್ಟು ಸಂಕೋಚ ನೋಡಿ," ಅಂದರು ಡಾಕ್ಟರ್ ಅಂಕಲ್ ಹೆಂಡತಿ.

"ಸಾಕು ಅಂದುಬಿಟ್ರೆ ನಾವು ಬಿಡ್ತೀವಾ? ಮುಂದಿನ ಸಲ ಡಬಲ್ ಕಳಿಸೋಣ," ಅಂದರು ಬಸವನಗುಡಿ ಆಂಟಿ.

ಎಲ್ಲರೂ ಹೂಂ ಅಂದೆವು. ನಾನೂ ಅಂದೆ. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅಂದರೆ ಮಾತು ಅಲ್ಲಿಂದ ಶುರುವಾಗುತ್ತದೆ, ಮುಗಿಯುವುದಿಲ್ಲ. ಸಾಕು ಅಂದವರಿಗೆ ಒಂದು ಸೌಟು, ಅಯ್ಯೋ ಬೇಡವೇ ಬೇಡ ಅಂದವರಿಗೆ ಎರಡು. ಸಾಕು ಅಂದ ಕೂಡಲೇ ಪಾತ್ರೆ ಎತ್ತಿಕೊಂಡು ಒಳಗೆ ಹೋದವಳನ್ನು ಆಮೇಲೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ಇದರಲ್ಲಿ ಅವರ ಮನೆ ಬಾಳೆ ಎಲೆ, ನಮ್ಮ ಮನೆ ನೆಲಕ್ಕೆ ಹಾಸುವ ದಸ್ತರ್‌ಖಾನ್ ಅಂತ ಭೇದವಿಲ್ಲ. ನಮ್ಮ ಯಜಮಾನರು ಸಾಕು ಅಂದರೂ ನಾನು ಬಡಿಸುತ್ತಿದ್ದೆ. ಸಾಕು ಸಾಕು ಅಂತ ಗದರಿದರೂ ಬಡಿಸುತ್ತಿದ್ದೆ. ಏನೂ ಅನ್ನದೆ ಸುಮ್ಮನೆ ತಟ್ಟೆಗೆ ಅಂಗೈ ಅಡ್ಡ ಹಿಡಿದರೆ ಮಾತ್ರ ಸೌಟು ವಾಪಸ್ ತೆಗೆಯುತ್ತಿದ್ದೆ. ಕೈ ಮೇಲೆ ಬಡಿಸುವುದಕ್ಕೆ ಆಗುತ್ತದೆಯೇ?

ಸರಿ, ಡಬಲ್ ಕಳಿಸಿದೆವು. ಶನಿವಾರಗಳು ಉದ್ದವಾದವು. ಮಧ್ಯಾಹ್ನ ಡಾಕ್ಟರ್ ಅಂಕಲ್ ಮನೆಯಲ್ಲೇ ಊಟ, ನನಗೋಸ್ಕರ ಒಳಗೆ ಒಂದು ರೂಮಿನಲ್ಲಿ ನಮಾಜಿಗೆ ಚಾದರ ಹಾಸಿಟ್ಟಿರುತ್ತಿದ್ದರು. ಇಂಥ ಚಿಕ್ಕ ಚಿಕ್ಕ ಕೃಪೆಗಳಲ್ಲೇ ನನ್ನ ವಾರ ನಡೆಯುತ್ತಿತ್ತು.

ಎರಡನೇ ಸಲದ ಡಬ್ಬಗಳು ತಲುಪಿದ ಮೇಲೆ ಒಂದು ವೀಡಿಯೋ ಬಂತು, ಶಾಲೆಯಲ್ಲಿ ಊಟದ ಹೊತ್ತಿಗೆ ತೆಗೆದದ್ದು. ಮಾವಿನ ಮರದ ಕೆಳಗೆ ದೊಡ್ಡ ಹಂಡೆ, ಅದರಲ್ಲಿ ನನ್ನ ಹುಗ್ಗಿ, ಹಳದಿಯಾಗಿ. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಟೀಚರ್ ಒಬ್ಬರು ಬಡಿಸುತ್ತಿದ್ದರು. ಬಣ್ಣ ಮಾಸಿದ ನೀಲಿ ಯೂನಿಫಾರ್ಮಿನ ಒಂದು ಹುಡುಗಿ ಮುಂದೆ ಬಂದಳು. ಒಂದು ಸೌಟು ಬಿತ್ತು. ಎರಡನೆಯದಕ್ಕೆ ಅವಳು ತಟ್ಟೆಗೆ ಅಂಗೈ ಅಡ್ಡ ಹಿಡಿದಳು.

ಟೀಚರ್ ಒಂದು ಸಲ ಕ್ಯಾಮೆರಾ ಕಡೆ, ಅಂದರೆ ನಮ್ಮ ಕಡೆ, ನೋಡಿದರು. ಆಮೇಲೆ ಮೆತ್ತಗೆ ಆ ಕೈಯನ್ನು ಸರಿಸಿ ಬಡಿಸಿದರು. ಹುಡುಗಿ ಹೋಗಿ ತಟ್ಟೆ ಮುಂದಿಟ್ಟುಕೊಂಡು ಕೂತಳು. ಮಕ್ಕಳ ಹಿಂದೆ ಬೇಲಿಯ ಪಕ್ಕ ಕೆಲವು ಹೆಂಗಸರು ಕೈಕಟ್ಟಿಕೊಂಡು ಸುಮ್ಮನೆ ಕೂತಿದ್ದರು.

ಕೊನೆಗೆ ಹೆಡ್‌ಮೇಡಂ ಬಂದು ಮತ್ತೆ ಚಪ್ಪಾಳೆ ತಟ್ಟಿದರು. "ಸಾಕು, ನಿಜಕ್ಕೂ ನಮಗೆ ಸಾಕು," ಅಂದರು. ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. "ಈಯಮ್ಮ ಥೇಟ್ ನಮ್ಮತ್ತೆ ಥರ," ಅಂದರು ಯಾರೋ. ನನಗೆ ನಗು ಬರಲಿಲ್ಲ.

ಆ ವಾರ ಕಷ್ಟವಾಯಿತು. ಬೇರೆ ಯಾರೂ ಆ ಕೈಯನ್ನು ನೋಡಿರಲಿಲ್ಲ, ನೋಡಿದ್ದರೂ ಮಗು ತಾನೇ ಅಂದುಕೊಂಡಿದ್ದರು. ನಾನು ಬಾಯಿ ಬಿಡದಿದ್ದರೆ ಮುಂದಿನ ಶನಿವಾರವೂ ಗ್ಯಾರೇಜಿನ ಬಾಗಿಲು ಏಳುತ್ತದೆ, ಡಬಲ್ ಸೆಕ್ಯೂರಿಟಿ ಬಂತು ಅಂತ ಆಂಟಿ ನಗುತ್ತಾರೆ. ಬಾಯಿ ಬಿಟ್ಟರೆ ಶನಿವಾರವೇ ಹೋಗುತ್ತದೆ. ಬೇಡದ ಊಟವನ್ನು ಪ್ಯಾಕ್ ಮಾಡಲು ಯಾರು ತಾನೇ ಸೇರುತ್ತಾರೆ?

ಮಗಳು ಫೋನ್ ಮಾಡಿದಾಗ ಹೇಳಿದೆ. "ಅಮ್ಮೀ, ಯು ಆರ್ ಓವರ್‌ಥಿಂಕಿಂಗ್. ಚಿಕ್ಕ ಹುಡುಗಿ, ಹಸಿವಿರಲಿಲ್ಲ ಅನ್ಸುತ್ತೆ," ಅಂದಳು.

"ಹಸಿವಿಲ್ಲದ ಊರಿಗೆ ನಾವ್ಯಾಕಮ್ಮ ಊಟ ಕಳಿಸ್ತೀವಿ?" ಅಂದೆ.

"ಅಟ್ಲಾಂಟಾಗೆ ಬಂದುಬಿಡಿ," ಅಂದಳು. ಯಾವ ಮಾತಿಗೂ ಅವಳ ಕೊನೆಯ ಉತ್ತರ ಅದೇ. ಪ್ರೀತಿಯಿಂದಲೇ ಅನ್ನುತ್ತಾಳೆ. ಅವಳ ಮನೆಯಲ್ಲಿ ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಅಲ್ಲೂ ಒಂದು ಫ್ರಿಜ್ಜೇ ಇರುವುದು.

ಬೆಳಗಿನ ಜಾವದ ಫಜ್ರ್ ನಮಾಜ್ ಆದ ಮೇಲೆ ಚಾಪೆ ಮಡಚದೆ ಹಾಗೇ ಕೂತುಕೊಳ್ಳುತ್ತಿದ್ದೆ. ಅಲ್ಲಾಹ್‌ನನ್ನು ಕೇಳುವುದಕ್ಕೆ ನಾಚಿಕೆ. ನನ್ನ ಶನಿವಾರವನ್ನು ಉಳಿಸು ಅಂತ ಆ ಹುಡುಗಿಯ ತಟ್ಟೆಯ ಮೇಲೆ ನಿಂತು ಹೇಗೆ ಕೇಳುವುದು? ಹಸಿದವರಿಗೆ ಉಣಿಸುವುದು ನಮಗೆ ಹುಕುಂ. ಉಣಿಸುವವಳಿಗೆ ಜೊತೆ ಸಿಗಬೇಕು ಅಂತ ಎಲ್ಲೂ ಇಲ್ಲ.

ಶನಿವಾರ ಎಲ್ಲರೂ ಟೋಪಿ ಹಾಕುವ ಮೊದಲೇ ಹೇಳಿಬಿಟ್ಟೆ. "ಆ ನೀಲಿ ಬಟ್ಟೆ ಹುಡುಗಿ ತಟ್ಟೆಗೆ ಕೈ ಅಡ್ಡ ಹಿಡಿದಳು. ಹೆಡ್‌ಮೇಡಂ ಸಾಕು ಅಂದದ್ದೂ ಉಪಚಾರಕ್ಕಲ್ಲ ಅನ್ಸುತ್ತೆ. ಕೇಳಿ ನೋಡೋಣ."

"ಅಯ್ಯೋ, ನಿಮ್ಮ ಹುಗ್ಗಿ ಚೆನ್ನಾಗೇ ಇದೆ ಕಣ್ರೀ. ಹೊಗಳಿಸ್ಕೊಳ್ಳೋಕೆ ಇಷ್ಟು ಸುತ್ತಾಡಬೇಕಾ?" ಅಂದರು ಆಂಟಿ.

ಡಾಕ್ಟರ್ ಅಂಕಲ್ ಮಾತ್ರ ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಅಲ್ಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆ ಕಡೆ ಕೋಳಿಯ ಸದ್ದು, ಮಕ್ಕಳ ಸದ್ದು. ಅಂಕಲ್ ಫೋನನ್ನು ನನ್ನ ಕಡೆ ಚಾಚಿದರು. ನನ್ನ ಇಂಗ್ಲಿಷ್ ಅಂಗಡಿಯ ಇಂಗ್ಲಿಷ್. ಅದರಲ್ಲೇ ಕೇಳಿದೆ: "ಮೇಡಂ, ನಮ್ಮ ದೇಶದಲ್ಲಿ ಸಾಕು ಅಂದವರಿಗೆ ಇನ್ನೂ ಬಡಿಸುತ್ತೇವೆ. ಅದು ಮರ್ಯಾದೆ. ನೀವು ಸಾಕು ಅಂದದ್ದು ನಿಜವಾದ ಸಾಕೇ?"

ಆ ಕಡೆಯಿಂದ ಮೊದಲು ಆ ಮೆಲ್ಲನೆಯ ಚಪ್ಪಾಳೆ ಕೇಳಿಸಿತು.

"ನಿಜವಾದ ಸಾಕು, ತಾಯಿ," ಅಂದರು. "ಕೊಟ್ಟ ಕೈಗೆ ಬೇಡ ಅನ್ನುವುದು ನಮ್ಮಲ್ಲಿ ಒಳ್ಳೆಯದಲ್ಲ. ಅದಕ್ಕೇ ಸಾಕು ಅಂತ ಅಷ್ಟೇ ಅಂದೆ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಸೌದೆ ತುಂಬಾ ಬೇಕು. ಮಕ್ಕಳಿಗೆ ಮೆಕ್ಕೆಜೋಳದ ಹಿಟ್ಟಿನ ಗಂಜಿ ಅಭ್ಯಾಸ, ಅದಕ್ಕೆ ಕಡಲೆಕಾಯಿ ಕುಟ್ಟಿ ಹಾಕಿದರೆ ಸಂಜೆಯವರೆಗೂ ಹೊಟ್ಟೆ ನಿಲ್ಲುತ್ತದೆ. ಅನ್ನ ತಿಂದ ಮಕ್ಕಳು ಬೇಗ ಮತ್ತೆ ಹಸಿವು ಅನ್ನುತ್ತಾರೆ. ಹಳದಿ ಬಣ್ಣ ನೋಡಿ ಚಿಕ್ಕವರು ಇದು ಔಷಧಿಯಾ ಅಂತ ಕೇಳುತ್ತಾರೆ. ಮೊದಲು ತಾಯಂದಿರು ಸರದಿಯಲ್ಲಿ ಬಂದು ಕುಟ್ಟಿ, ಬೀಸಿ, ಅಡುಗೆ ಮಾಡುತ್ತಿದ್ದರು. ಅಮೆರಿಕದ ಡಬ್ಬ ಬಂದ ಮೇಲೆ ತಮ್ಮ ಅಡುಗೆ ಯಾರಿಗೂ ಬೇಡ ಅಂತ ಬೇಲಿ ಪಕ್ಕ ಕೂತಿರುತ್ತಾರೆ. ಕಣಜ ಬರಿದಾಗುವ ತಿಂಗಳುಗಳಲ್ಲಿ ಅಲ್ಲಿಯ ಸಂತೆಯಲ್ಲೇ ಮೆಕ್ಕೆಜೋಳ, ಕಡಲೆಕಾಯಿ ಕೊಳ್ಳಲು ನೆರವಾದರೆ ಸಾಕು, ಮಿಕ್ಕದ್ದನ್ನು ಅವರೇ ಮಾಡಿಕೊಳ್ಳುತ್ತಾರೆ.

ಫೋನ್ ಇಟ್ಟ ಮೇಲೆ ಮೊದಲು ಬಾಯಿ ಬಿಟ್ಟವರು ಬಸವನಗುಡಿ ಆಂಟಿಯೇ. "ಹಂಗಾದ್ರೆ ಮುದ್ದೆ ತಿನ್ನೋರ ಮನೆಗೆ ಹೋಗಿ ದಿನಾ ಹುಗ್ಗಿ ಬಡಿಸಿದ್ವಿ ಅನ್ನಿ."

"ಅದೂ ಔಷಧಿ ಹುಗ್ಗಿ," ಅಂದೆ ನಾನು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ನನ್ನ ಬಾಯಿಂದಲೇ ಬಂದಿದ್ದರೂ ಒಳಗೆ ಎಲ್ಲೋ ಚುಚ್ಚಿತು.

ಮಿಕ್ಕ ಅಕ್ಕಿ, ಬೇಳೆಯನ್ನು ಡರ್ಹಮ್‌ನ ಒಂದು ಫುಡ್ ಪ್ಯಾಂಟ್ರಿಗೆ ಕೊಟ್ಟೆವು. ಮೇಜುಗಳನ್ನು ಮಡಚಿಟ್ಟೆವು. ನೆಲ ಗುಡಿಸಿದವಳು ನಾನೇ. ಮೂಲೆಯಲ್ಲಿ ಅರಿಶಿನದ ಒಂದು ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. "ಬಿಡಮ್ಮಾ, ಅದರ ಮೇಲೆ ಕಾರ್ ನಿಲ್ಲಿಸ್ತೀನಿ," ಅಂದರು ಡಾಕ್ಟರ್ ಅಂಕಲ್. ಬಾಗಿಲವರೆಗೆ ಬಂದ ಅವರ ಹೆಂಡತಿ, "ಬರ್ತಾ ಇರಿ," ಅಂದರು. ಎಲ್ಲರೂ ಎಲ್ಲರಿಗೂ ಹಾಗೇ ಅಂದರು. ಬರೋಣವೆಂದರೆ ಯಾವತ್ತು, ಯಾವ ಕೆಲಸಕ್ಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ನೆರವಿನ ಹಣ ಈಗ ಅಂಕಲ್ ಅವರ ಕಂಪ್ಯೂಟರಿನಿಂದಲೇ ಹೋಗುತ್ತದೆ. ಅದಕ್ಕೆ ಟೋಪಿಯೂ ಬೇಡ, ಗ್ಲೌಸೂ ಬೇಡ.

ಮುಂದಿನ ವಾರ ಉಗುರುಗಳು ಬೆಳ್ಳಗಾಗಿದ್ದವು. ದುವಾಗೆ ಎತ್ತಿದ ಕೈ ಬೇರೆ ಯಾರದೋ ಅನ್ನಿಸಿತು. ಶನಿವಾರ ಬೆಳಗ್ಗೆ ಅಭ್ಯಾಸಬಲದಿಂದ ಬೇಗ ಸ್ನಾನ ಮಾಡಿ, ಚಪ್ಪಲಿ ಹಾಕಿಕೊಂಡು, ಬಾಗಿಲ ಹತ್ತಿರ ಹೋಗಿ ನಿಂತುಕೊಂಡೆ. ಆಮೇಲೆ ಚಪ್ಪಲಿ ಬಿಚ್ಚಿ ಒಳಗೆ ಬಂದೆ. ಬಸವನಗುಡಿ ಆಂಟಿ ಒಂದೆರಡು ಸಲ ಫೋನ್ ಮಾಡಿದರು. ಅವರಿಗೂ ಮೊಮ್ಮಕ್ಕಳು, ಸ್ವಿಮ್ಮಿಂಗ್ ಕ್ಲಾಸು. ಅವರನ್ನು ದೂರುವಂತಿಲ್ಲ. ಫೋನ್ ಮಾಡಿದ್ದನ್ನೇ ನಾನು ಶುಕ್ರ್‌ಗೆ ಸೇರಿಸಿಕೊಂಡೆ.

ಚಳಿಗಾಲದಲ್ಲಿ, ಅಂದರೆ ಅಲ್ಲಿ ಸುಗ್ಗಿಗೆ ಮೊದಲಿನ ಹಸಿವಿನ ಕಾಲದಲ್ಲಿ, ಡಾಕ್ಟರ್ ಅಂಕಲ್ ಒಂದು ವೀಡಿಯೋ ಕಳಿಸಿದರು. ಅದೇ ಮಾವಿನ ಮರ. ಬೇಲಿ ಪಕ್ಕ ಯಾರೂ ಇಲ್ಲ. ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆಯಲ್ಲಿ ಕಡಲೆಕಾಯಿ ಕುಟ್ಟುತ್ತಿದ್ದರು, ಒಬ್ಬಳು ಏನೋ ಅಂದಳು, ಇನ್ನೊಬ್ಬಳು ಒನಕೆ ಬಿಟ್ಟು ನಗತೊಡಗಿದಳು. ಅವರ ಭಾಷೆ ನನಗೆ ಬರುವುದಿಲ್ಲ. ಆದರೆ ಆ ನಗು ಗೊತ್ತು, ನಮ್ಮ ಗ್ಯಾರೇಜಿನಲ್ಲೂ ಅದೇ ಇತ್ತು. ಶನಿವಾರ ಅಲ್ಲಿಗೆ ಹೋಗಿದೆ ಅಂದುಕೊಂಡೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಸಂತೋಷವೂ ಆಯಿತು.

ನೀಲಿ ಯೂನಿಫಾರ್ಮಿನ ಹುಡುಗಿ ಇದ್ದಳು, ಸ್ವಲ್ಪ ಉದ್ದವಾಗಿದ್ದಾಳೆ. ತಟ್ಟೆಯಲ್ಲಿದ್ದ ಗಂಜಿಯನ್ನು ಬೆರಳಿನಿಂದ ಬಳಿದು ತಿಂದು, ಎದ್ದು ಬಂದು, ತಟ್ಟೆಯನ್ನು ಎರಡು ಕೈಯಲ್ಲೂ ಮುಂದೆ ಚಾಚಿದಳು. ಬಡಿಸುತ್ತಿದ್ದ ತಾಯಿ ಏನೋ ಗದರಿ, ನಕ್ಕು, ಸೌಟು ತುಂಬಿದಳು.

ಅಲ್ಲಿಗೇ ವೀಡಿಯೋ ನಿಲ್ಲಿಸಿದೆ. ನನ್ನ ಊಟದ ಹೊತ್ತಾಗಿತ್ತು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅನ್ನುವುದು ಈಗೀಗ ಕೈಗೆ ಬಂದಿದೆ, ಮೊದಲಿನ ಹಾಗೆ ಮಿಕ್ಕುವುದಿಲ್ಲ. ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ನಿಲ್ಲಿಸಿ, ಅವಳು ಚಾಚಿದ ತಟ್ಟೆಯ ಎದುರಿಗೆ ನನ್ನ ತಟ್ಟೆ ಇಟ್ಟುಕೊಂಡು, ಬಿಸ್ಮಿಲ್ಲಾಹ್ ಅಂತ ಊಟಕ್ಕೆ ಕೂತೆ.