ಲಂಗರಿಗೆ ಮೀಸಲಿಟ್ಟ ಮಾತು

ಬೆಂಕಿಪೊಟ್ಟಣವೆಂಬ ಅಡ್ಡಹೆಸರಿನವನು ಕಾಲಿಡದ, ದೋಣಿಗಳು ತಂಗುವ ಮರೀನಾ ಈ ತೀರದಲ್ಲಿಲ್ಲ. ಎರಡನೇ ಸಲ ಒಳಗೆ ಸೇರಿಸಿದ ಮರೀನಾವೂ ಇಲ್ಲವೆನ್ನಿ. ಒಂದು ಕಡೆ ಡೀಸೆಲ್ ಹಾಕುವವನ ಹಲ್ಲು ಉದುರಿಸಿದ, ಇನ್ನೊಂದು ಕಡೆ ಕಾವಲುಗಾರನ ತಲೆಯನ್ನು ದೀಪದ ಕಂಬಕ್ಕೆ ಗುದ್ದಿಸಿದ. ಅವನ ಬೆನ್ನಿಗೆ ಬಿದ್ದ ತಂಗಿಯೇ ದೋಣಿಯವರಿಗೆಲ್ಲ ಅಕ್ಕ, ಚುಕ್ಕಾಣಿಯಕ್ಕ. ಅವಳ ಅರ್ಧ ಆಯುಸ್ಸು ಅಣ್ಣನ ಗುದ್ದುಗಳ ಹಿಂದೆ ಹತ್ತಿ, ಔಷಧಿ ಹಿಡಿದು ಓಡಿದ್ದರಲ್ಲೇ ಸವೆಯಿತು.

ಇಬ್ಬರಿಗೂ ಇದ್ದದ್ದು ಅಪ್ಪನ ಪುಟ್ಟ ಹಾಯಿದೋಣಿ. ಅದೇ ಮನೆ, ಅದೇ ಅಂಗಡಿ. ಮರೀನಾದಿಂದ ಮರೀನಾಕ್ಕೆ ಹೋಗಿ ಅವಳು ಹರಿದ ಹಾಯಿ ಹೊಲಿಯುತ್ತಿದ್ದಳು, ಅವನು ಇಂಜಿನ್ ರಿಪೇರಿ ಮಾಡುತ್ತಿದ್ದ. ಹೊಡೆದಾಟವಾಗಿ ಓಡಿಸಿದರೆ ಯಾವುದೋ ಕೊಲ್ಲಿಯ ಮರೆಯಲ್ಲಿ ಲಂಗರು. ಒಲೆಯ ಪಕ್ಕ ಹೊಲಿಗೆ ಯಂತ್ರ, ಅದರ ಕೆಳಗೆ ಹಾಸಿಗೆ. "ಈ ಮನೇಲಿ ಮುನಿಸ್ಕೊಂಡು ಹೋಗೋಕೂ ಜಾಗ ಇಲ್ಲ" ಅನ್ನುತ್ತಿದ್ದಳು ಅಕ್ಕ.

ಅಪ್ಪನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಲಂಗರಿನ ಹಗ್ಗವನ್ನು ಅರೆಗಳಿಗೆ ತಡವಾಗಿ ಬಿಟ್ಟದ್ದಕ್ಕೆ ಸಮುದ್ರ ಕಿತ್ತುಕೊಂಡ ಬೆರಳುಗಳು. ಅದಕ್ಕೇ ಅವನದೊಂದು ಕಟ್ಟಳೆ: ಚುಕ್ಕಾಣಿಯ ಕಡೆಯಿಂದ "ಬಿಡು" ಎಂದು ಕೇಳಿದರೆ ಮುಂದೆ ಲಂಗರಿನ ಹಗ್ಗ ಹಿಡಿದವನ ಕೈ ತೆರೆಯಬೇಕು, ಯಾಕೆಂದು ತಲೆ ಕೇಳುವ ಮೊದಲೇ. ದೋಣಿಯ ಮೇಲೆ ಆ ಮಾತು ಲಂಗರಿಗೆ ಮಾತ್ರ ಮೀಸಲು. ಚಹಾ ಚೆಲ್ಲಿದರೂ "ಹೋಗ್ಲಿ ಬಿಡು" ಅನ್ನುವಂತಿಲ್ಲ.

"ನಮ್ಮಣ್ಣ ಯಾರನ್ನೂ ಹೋಗ್ಲಿ ಬಿಡು ಅನ್ನೋನಲ್ಲ" ಎಂದು ದಡದ ಮೇಲೆ ಅಕ್ಕ ನಗಾಡುತ್ತಿದ್ದಳು. "ಪಾಪ, ಮನೇಲಿ ಕಲಿಸಿದ್ರೆ ತಾನೆ."

ನಗು ಮೇಲಿನದು. ಸಾಯುವಾಗ ಅಪ್ಪ ಅವಳ ಕೈ ಹಿಡಿದು ಹೇಳಿದ್ದ: "ಇವನ ಕೈಯಲ್ಲಿ ಒಂದು ಹೆಣ ಬೀಳದ ಹಾಗೆ ನೋಡ್ಕೊಳಮ್ಮ."

ಗಾಳಿ ಕೆರಳಿದ ಒಂದು ಮಧ್ಯಾಹ್ನ ಇವರು ಕೊಲ್ಲಿಯೊಂದರಲ್ಲಿ ಲಂಗರು ಹಾಕಿ ನಿಂತಿದ್ದರು. ಲಂಗರು ಹಾಕಿದವರಲ್ಲಿ ಮೊದಲು ಬಂದವನೇ ಹಿರಿಯ, ಆಮೇಲೆ ಬಂದವನು ದೂರ ನಿಲ್ಲಬೇಕು. ತಡವಾಗಿ ಬಂದ ಬಿಳಿ ಟೋಪಿಯವನೊಬ್ಬ ತನ್ನ ದೊಡ್ಡ ದೋಣಿಯನ್ನು ಇವರ ಮೂಗಿನ ಮುಂದೆಯೇ ನಿಲ್ಲಿಸಿದ. ಗಾಳಿಗೆ ಅವನ ಲಂಗರು ಜಾರಿತು. ದೋಣಿ ಹಿಂದೆ ಸರಿದು ಬಂದು ಇವರ ಪಕ್ಕೆಗೆ ಅಪ್ಪಳಿಸಿತು. ಒಳಗೆ ಹೊಲಿಗೆ ಯಂತ್ರ ಬಿದ್ದು ಒಡೆಯಿತು.

"ನಿನ್ನ ಡಬ್ಬಾನ ಆಚೆ ತೆಗಿಯೋ" ಅಂದ ಬಿಳಿ ಟೋಪಿ, ಕೈಯಲ್ಲಿ ಉದ್ದನೆಯ ಕೊಕ್ಕೆಗೋಲು.

"ಲಂಗರು ಹಾಕೋಕೆ ಬರದವನು ಸ್ನಾನದ ತೊಟ್ಟೀಲಿ ಆಡ್ಕೋಬೇಕಿತ್ತು."

ಕೋಲು ಬೀಸಿ ಬಂತು. ಬೆಂಕಿಪೊಟ್ಟಣನ ಹುಬ್ಬು ಸೀಳಿತು. ಅವನು ಕೋಲನ್ನೇ ಹಿಡಿದೆಳೆದು ಆಸಾಮಿಯನ್ನು ತನ್ನ ದೋಣಿಗೆ ಕೆಡವಿಕೊಂಡ. ಎಡಗೈಯಲ್ಲಿ ಕೊರಳಪಟ್ಟಿ ಹಿಡಿದು ಅವನನ್ನು ಅಂಚಿನಾಚೆಗೆ ಬಗ್ಗಿಸಿದ. ಬಲಗೈಗೆ ಸಿಕ್ಕಿದ್ದು ಹಗ್ಗ ಬಿಗಿಯುವ ಕಬ್ಬಿಣದ ಹಿಡಿಕೆ. ಮೊದಲ ಏಟಿಗೆ ದವಡೆ ತಿರುಗಿತು. ಎರಡನೆಯದಕ್ಕೆ ಕಿವಿ ಹರಿದು ರಕ್ತ ಹಾಯಿಗೆ ಚಿಮ್ಮಿತು.

ಅಕ್ಕ ಇಂಜಿನ್ ಹಾಕಿ ಚುಕ್ಕಾಣಿ ಹಿಡಿದಿದ್ದಳು. ಕೈ ತೆಗೆದರೆ ಗಾಳಿ ಎರಡೂ ದೋಣಿಯನ್ನು ದಡದ ಬಂಡೆಗೆ ಬಡಿಯುತ್ತಿತ್ತು.

"ಅಣ್ಣ, ಸಾಕು. ಸತ್ತೋಗ್ತಾನೆ."

"ಸಾಯ್ಲಿ."

ಹಿಡಿಕೆ ನೆತ್ತಿಯ ಮೇಲಕ್ಕೆ ಎದ್ದಿತು. ಅಕ್ಕನ ಹತ್ತಿರ ಉಳಿದಿದ್ದು ದನಿಯೊಂದೇ. ಲಂಗರು ಹಾಕುವಾಗಿನ ಅದೇ ರಾಗದಲ್ಲಿ ಕೂಗಿದಳು:

"ಬಿಡು."

ಕೈ ತೆರೆಯಿತು. ಒಂದಲ್ಲ, ಎರಡೂ. ಕಬ್ಬಿಣ ನೀರಿಗೆ ಬಿತ್ತು. ಮನುಷ್ಯನೂ ಬಿದ್ದ, ಎರಡು ದೋಣಿಗಳ ನಡುವಿನ ಸಂದಿಗೆ. ಅಲೆಗೆ ದೂರ ಸರಿದಿದ್ದ ದೊಡ್ಡ ದೋಣಿ ಮತ್ತೆ ಒತ್ತಿ ಬರುತ್ತಿತ್ತು.

ಬೆಂಕಿಪೊಟ್ಟಣ ತನ್ನ ಬರಿಗೈ ನೋಡಿದ, ಕೆಳಗೆ ನೋಡಿದ. ಆಮೇಲೆ ಅಂಚಿನ ಮೇಲೆ ಕುಕ್ಕರಿಸಿ ಕಾಲನ್ನು ಸಂದಿಗೆ ತುರುಕಿ ದೊಡ್ಡ ದೋಣಿಗೆ ಒದ್ದು ಹಿಡಿದ. ಮೂಳೆ ಮುರಿದ ಸದ್ದು ಇಂಜಿನ್ನಿನ ಸದ್ದನ್ನೂ ಮೀರಿ ಅಕ್ಕನಿಗೆ ಕೇಳಿಸಿತು. ಆ ಮುರಿದ ಕಾಲನ್ನೇ ತಬ್ಬಿ ಬಿಳಿ ಟೋಪಿಯವನು ಮೇಲೆ ಹತ್ತಿಬಂದ.

"ಲಂಗರು ಆಗ್ಲೇ ಕೆಳಗಿತ್ತು" ಅಂದ ಅಣ್ಣ, ಆಸ್ಪತ್ರೆಯ ಮಂಚದ ಮೇಲೆ. "ಸುಳ್ಳು ಕೂಗಿದೆ ನೀನು."

"ಹೌದಣ್ಣ."

ಕಾಲು ಸೊಟ್ಟಗೆ ಕೂಡಿತು. ಈಗಲೂ ಇಬ್ಬರೂ ಅದೇ ದೋಣಿಯಲ್ಲಿ ತೀರ ಸುತ್ತುತ್ತಾರೆ. ಅಕ್ಕ "ಬಿಡು" ಅಂದರೆ ಅವನ ಕೈ ಈಗ ತಟ್ಟನೆ ತೆರೆಯುವುದಿಲ್ಲ. ಒಮ್ಮೆ ಹಿಂತಿರುಗಿ ಅವಳ ಮುಖ ನೋಡುತ್ತಾನೆ. ಆ ಅರೆಗಳಿಗೆಯಲ್ಲಿ ಹಗ್ಗ ಬಿಗಿಯುತ್ತಿರುತ್ತದೆ. ಅಕ್ಕ ಅವನ ಬೆರಳುಗಳನ್ನೇ ನೋಡುತ್ತಿರುತ್ತಾಳೆ.